'ದಹಾಡ್'ನ ಅಂಜಲಿ ಭಾಟಿ, ನಮ್ಮ ಬಂಟ್ವಾಳ, ಮತ್ತೆ "ನಮ್ಮವರೇ" ಅನ್ನುವ ಮಾತು

ನೇತ್ರಾವತಿ ಬದಿ

ಊರೆಲ್ಲ ನೋಡಿ ಮರೆತ ಮೇಲೆ ನಾನು ನೋಡ್ಲಿಕ್ಕೆ ಕೂರುವುದು. 2023ರ ಮೇಯಲ್ಲಿ ಬಂದ 'ದಹಾಡ್' ಸರಣಿಯನ್ನು ಮೊನ್ನೆ ತಂಗಿ ಊರಿಂದ ಬಂದಿದ್ದಾಗ ಎರಡೇ ರಾತ್ರಿಯಲ್ಲಿ ಮುಗಿಸಿದೆವು. ಒಂದು ಪ್ರಶ್ನೆ ಉಂಟು. ಅದಕ್ಕೆ ಮೊದಲು ಸ್ವಲ್ಪ ಪುರಾಣ, ಸಹಿಸಿಕೊಳ್ಳಿ.

ನೋಡದವರಿಗಾಗಿ: ರಾಜಸ್ಥಾನದ ಮಂಡಾವಾ ಠಾಣೆ. ಎಸ್ಸೈ ಅಂಜಲಿ ಭಾಟಿ, ಅಂದರೆ ಸೋನಾಕ್ಷಿ ಸಿನ್ಹಾ. ಬುಲೆಟ್ ಓಡಿಸುತ್ತಾಳೆ, ಜೂಡೋ ಆಡುತ್ತಾಳೆ, ಮನೆಯಲ್ಲಿ ಅಮ್ಮನದ್ದು ಒಂದೇ ರಾಗ, ಮದುವೆ ಆಗು ಅಂತ. ಅವಳು ದಾಟಿ ಹೋದ ಕೂಡಲೇ ಠಾಣೆಯ ಒಬ್ಬ ಊದುಬತ್ತಿ ಹಚ್ಚುತ್ತಾನೆ. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಭಾಟಿ ಅನ್ನುವುದು ಅವಳ ಅಪ್ಪ ಬದಲಾಯಿಸಿ ಇಟ್ಟ ಹೆಸರು, ಮೂಲ ಮೇಘವಾಲ್. ಇತ್ತ ಸುತ್ತಮುತ್ತಲಿನ ಊರುಗಳಿಂದ ಹೆಂಗಸರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಯಾವುದೋ ಊರಿನ ಸಾರ್ವಜನಿಕ ಶೌಚಾಲಯದಲ್ಲಿ, ಒಳಗಿಂದ ಚಿಲಕ ಹಾಕಿದ ಬಾಗಿಲ ಹಿಂದೆ, ಮದುವಣಗಿತ್ತಿಯ ಬಟ್ಟೆಯಲ್ಲಿ ಹೆಣವಾಗಿ ಸಿಗುತ್ತಾರೆ. ಎಲ್ಲ ಆತ್ಮಹತ್ಯೆ ಅಂತ ಬರೆದು ಫೈಲು ಮುಚ್ಚಿದ್ದು.

ಇಷ್ಟು ಹೇಳಿದರೆ ನಮ್ಮ ದಕ್ಷಿಣ ಕನ್ನಡದವರಿಗೆ ಸಾಕು. ತಂಗಿ ಮೊದಲ ರಾತ್ರಿಯೇ ಚಾದರದೊಳಗಿಂದ ಕೇಳಿದಳು: "ಅಕ್ಕಾ, ಇದು ಸಯನೈಡ್ ಮಾಸ್ಟ್ರ ಕತೆ ಅಲ್ವಾ?" ಹೌದು. ಸರಣಿ ಬಂದಾಗ ಪತ್ರಿಕೆಯವರೂ ಅದೇ ಹೆಸರು ತೆಗೆದು ಬರೆದಿದ್ದರು. ಮೋಹನ್ ಕುಮಾರ್, ಬಂಟ್ವಾಳ ತಾಲೂಕಿನವನು, ಪ್ರಾಥಮಿಕ ಶಾಲೆಯಲ್ಲಿ ಮಾಸ್ಟ್ರಾಗಿದ್ದವನು. 2009ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದ. ಕೋರ್ಟಿನಲ್ಲಿ ನಿಂತದ್ದು 20 ಹೆಂಗಸರ ಕೊಲೆ. ಮೊದಲ ತೀರ್ಪುಗಳು 2013ರ ಡಿಸೆಂಬರಿನಲ್ಲಿ, ಕೊನೆಯ ಕೇಸಿನದ್ದು ಬಂದದ್ದು 2020ರಲ್ಲಿ.

ಅವನನ್ನು ಹಿಡಿದ ವರ್ಷ ನಾನು ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ ಪಿಯುಸಿಗೆ ಹೋಗುತ್ತಿದ್ದೆ. ಅಮ್ಮ ಬೀಡಿ ಕಟ್ಟುತ್ತಾ, ಎಲೆಯಿಂದ ಕಣ್ಣು ತೆಗೆಯದೆ, ಒಂದೇ ಮಾತು ದಿನಾ ಹೇಳುತ್ತಿದ್ದಳು: "ಬಸ್‌ಸ್ಟ್ಯಾಂಡಿನ ಪಾಯಿಖಾನೆಗೆ ಒಬ್ಬಳೇ ಹೋಗ್ಬೇಡ." ನಾನು ಈಗಲೂ ಹೋಗುವುದಿಲ್ಲ. ಬೆಂಗಳೂರಿಂದ ಊರಿಗೆ ರಾತ್ರಿ ಬಸ್ಸು ಹತ್ತುವ ದಿನ ಸಂಜೆ ಆರರ ಮೇಲೆ ನೀರೇ ಕುಡಿಯುವುದಿಲ್ಲ.

ಅವನ ಕ್ರಮ ನಿಮಗೆ ಗೊತ್ತಿರಬಹುದು. ವರದಕ್ಷಿಣೆ ಕೊಡಲಿಕ್ಕಾಗದ, ಮದುವೆ ಪ್ರಾಯ ದಾಟುತ್ತಿರುವ ಹೆಂಗಸರನ್ನು ಹುಡುಕುವುದು. ಮದುವೆಯಾಗುವ ಅಂತ ಕರೆದುಕೊಂಡು ಹೋಗಿ ದೂರದ ಊರಿನ ಲಾಡ್ಜಿನಲ್ಲಿ ಉಳಿಯುವುದು. ಬೆಳಿಗ್ಗೆ ಬಂಗಾರ ರೂಮಿನಲ್ಲೇ ಬಿಡಿಸಿ ಬಸ್‌ಸ್ಟ್ಯಾಂಡಿಗೆ ಕರೆತಂದು, ಸಯನೈಡ್ ಕೊಟ್ಟು, ಇದು ಗರ್ಭ ನಿಲ್ಲದ ಹಾಗೆ ಮಾತ್ರೆ, ಶೌಚಾಲಯದ ಒಳಗೆ ಹೋಗಿ ತಗೋ, ವಾಂತಿ ಬರಬಹುದು ಅನ್ನುವುದು. ಇದೆಲ್ಲ ಸರಣಿಯಲ್ಲಿ ಹೆಚ್ಚುಕಡಿಮೆ ಬಂದಿದೆ. ಆದರೆ ನನ್ನನ್ನು ಅಂದಿನಿಂದ ಕಾಡಿದ್ದು ಬೇರೆ ಒಂದು ವಿಷಯ. ಅವನು ಒಬ್ಬೊಬ್ಬಳ ಹತ್ತಿರ ಒಂದೊಂದು ಹೆಸರು ಹೇಳುತ್ತಿದ್ದ, ಮತ್ತು ಆ ಹೆಸರು ಅವಳದ್ದೇ ಜಾತಿಯದ್ದಾಗಿರುತ್ತಿತ್ತು. "ನಾನೂ ನಿಮ್ಮವನೇ." ಬಡವರ ಮನೆ ಹುಡುಗಿಗೆ ಅಷ್ಟು ಕೇಳಿದ ಮೇಲೆ ಅನುಮಾನ ಎಲ್ಲಿಂದ ಬರಬೇಕು?

ಈಗ ಪ್ರಶ್ನೆ. ಸರಣಿ ನಮಗೊಬ್ಬ ದಲಿತ ಎಸ್ಸೈಯನ್ನು ಕೊಟ್ಟಿತು, ಸಂತೋಷ. ಕೊಲೆಗಾರನ ಅಪ್ಪ ಅವಳನ್ನು ಹೊಸ್ತಿಲಲ್ಲೇ ತಡೆದಾಗ ಅವಳು ಸಂವಿಧಾನದ ಹೆಸರೆತ್ತಿ ಒಳಗೆ ನಡೆಯುವ ದೃಶ್ಯಕ್ಕೆ ನಾನೂ ತಂಗಿಯೂ ಎದ್ದು ಕೂತೆವು. ಆದರೆ ಸತ್ತವರು? ಗೋಡೆಗೆ ಅಂಟಿಸಿದ ಪಾಸ್‌ಪೋರ್ಟ್ ಸೈಜಿನ ಫೋಟೋಗಳು. ಒಬ್ಬಿಬ್ಬರನ್ನು ಬಿಟ್ಟರೆ ಅವರು ಎಂತ ಕೆಲಸ ಮಾಡುತ್ತಿದ್ದರು, ಯಾರಿಗೆ ಹೆದರುತ್ತಿದ್ದರು, ಯಾವ ಹಾಡು ಗುನುಗುತ್ತಿದ್ದರು, ಒಂದೂ ಗೊತ್ತಾಗುವುದಿಲ್ಲ. ಮತ್ತೆ ಕತೆಯನ್ನು ನೇತ್ರಾವತಿ ದಡದಿಂದ ಎತ್ತಿ ಮರಳುಗಾಡಿಗೆ ಯಾಕೆ ಸಾಗಿಸಿದರು? ಜಾತಿ ಕಾಣಬೇಕಾದರೆ ರಾಜಸ್ಥಾನವೇ ಆಗಬೇಕಾ, ನಮ್ಮಲ್ಲಿ ಕಡಿಮೆ ಉಂಟಾ?

ಸೈಡ್‌ವಿಂಗ್

ಮರಳುಗಾಡಿನ ಪ್ರಶ್ನೆಗೆ ಉತ್ತರ ಸುಲಭ: ಅವರು ಹಿಂದಿಯವರು, ಹಿಂದಿ ಮಾತಾಡುವ ಊರು ಹುಡುಕಿಕೊಂಡ್ರು. ರೀಮಾ ಕಾಗ್ತಿ, ಜೋಯಾ ಅಖ್ತರ್ ಬಿ.ಸಿ. ರೋಡಿಗೆ ಬಂದು ತುಳು ಕಲಿತು ಸರಣಿ ಮಾಡ್ಲಿ ಅಂತ ನಾವು ಕೇಳೋಕಾಗಲ್ಲ. ನಾವೇ ಮಾಡಬೇಕಿತ್ತು, ಮಾಡ್ಲಿಲ್ಲ. ಅದು ನಮ್ಮ ಪಾಲಿನ ತಪ್ಪು.

ನನ್ನ ತಕರಾರು ಪಾತ್ರಧಾರಿಗಳದ್ದು. ನಾನು ಇಪ್ಪತ್ತು ವರ್ಷದಿಂದ ಹವ್ಯಾಸಿ ನಾಟಕದವನು, ಬಣ್ಣ ಹಚ್ಚೋದು, ಕುರ್ಚಿ ಎತ್ತೋದು, ಎರಡೂ ಮಾಡಿದ್ದೀನಿ. ದಲಿತ ಹುಡುಗಿಯ ಪಾತ್ರ, ಆದ್ರೆ ಮಾಡಿದ್ದು ಶತ್ರುಘ್ನ ಸಿನ್ಹಾ ಮಗಳು. ಇದಕ್ಕೆ ಎದುರಾಗಿ 2020ರ 'ಪಾತಾಳ್ ಲೋಕ್' ತಗೊಳ್ಳಿ. ಅಲ್ಲಿ 'ಚೀನಿ' ಅನ್ನೋ ಹೆಸರಿನ ಪಾತ್ರಕ್ಕೆ ಮಣಿಪುರದ ಟ್ರಾನ್ಸ್ ಕಲಾವಿದೆಯನ್ನೇ ಹುಡುಕಿ ತಂದ್ರು. ಲಾಕಪ್ಪಿನಲ್ಲಿ ಆಕೆಯ ಮುಖ ನೋಡಿ, ಅಭಿನಯ ಅನ್ನೋ ಪದವೇ ಮರೆತುಹೋಗುತ್ತೆ. ಅದರ ಎರಡನೇ ಸೀಸನ್ 2025ರಲ್ಲಿ ನಾಗಾಲ್ಯಾಂಡಿಗೆ ಹೋದಾಗಲೂ ಅಲ್ಲಿನ ಮುಖಗಳು, ನಾಗಾಮೀಸ್ ಮಾತು. ಪತ್ತೇದಾರಿ ಕತೆ ಒಂದು ಚೂರೂ ಸಡಿಲ ಆಗ್ಲಿಲ್ಲ.

ಆದ್ರೆ ಇಲ್ಲೇ ನಾನು ನನಗೇ ಸಿಕ್ಕಿಹಾಕಿಕೊಂಡೆ. 'ದಹಾಡ್'ನಲ್ಲಿ ಮೇಲಧಿಕಾರಿ ದೇವಿ ಲಾಲ್ ಸಿಂಗ್ ಆಗಿರೋದು ಗುಲ್ಶನ್ ದೇವಯ್ಯ. ನಮ್ಮ ಬೆಂಗಳೂರಿನ ಕೊಡವ ಹುಡುಗ ರಾಜಸ್ಥಾನಿ ಮಾತಾಡ್ತಾನೆ, ನಾವು ಹೆಮ್ಮೆಯಿಂದ ಸೀಟಿ ಹೊಡೀತೀವಿ. ಅವನಿಗೊಂದು ನ್ಯಾಯ, ಸೋನಾಕ್ಷಿಗೊಂದು ನ್ಯಾಯನಾ? ಅಂತ ನನ್ನ ಹೆಂಡತಿ ಕೇಳಿದ್ಲು. ಅರ್ಧ ಗಂಟೆ ಯೋಚಿಸಿ ಉತ್ತರ ಹೇಳಿದೆ: ಗುಲ್ಶನ್‌ಗೆ ಆ ಪಾತ್ರ ಸಿಕ್ಕಿದ್ದರಿಂದ ಯಾವ ರಜಪೂತನ ಅವಕಾಶವೂ ಹೋಗಿಲ್ಲ, ಅವರಿಗೆ ಬಾಲಿವುಡ್ಡಲ್ಲಿ ಬೇಕಾದಷ್ಟಿದೆ. ದಲಿತ ನಟಿಗೆ ಈ ಒಂದು ಪಾತ್ರ ಬಿಟ್ರೆ ಇನ್ನೊಂದು ಯಾವಾಗ? ಹೆಂಡತಿ ಒಪ್ಪಲಿಲ್ಲ. ಸೋನಾಕ್ಷಿ ಇಲ್ಲದಿದ್ರೆ ಆ ಸರಣಿಗೆ ದುಡ್ಡು ಯಾರು ಹಾಕ್ತಿದ್ರು ಅಂದ್ಲು. ಅದಕ್ಕಿನ್ನೂ ಉತ್ತರ ಹುಡುಕ್ತಿದ್ದೀನಿ.

ಅರ್ಧ ಕಪ್ ಚಾ

ಕೊಲೆಗಾರ ಯಾರು ಅಂತ ಶುರುವಿನಲ್ಲೇ ತೋರಿಸಿಬಿಟ್ರೆ ಅದು ಯಾವ ಸೀಮೆ ಮಿಸ್ಟರಿ ಸ್ವಾಮಿ? ಎಂಟು ಕಂತು ಎಳೆದಿದ್ದಾರೆ. ಕೊಲೆಗಾರನ ಪಾತ್ರದ ವಿಜಯ್ ವರ್ಮಾ ನಗೋದು ನೋಡೋಕೆ ಮಾತ್ರ ಕೂತಿದ್ದೆ.

ನೇತ್ರಾವತಿ ಬದಿ

@ಅರ್ಧ ಕಪ್ ಚಾ, ಯಾರು ಅಂತ ನಮಗೆ ಗೊತ್ತಿದ್ದೂ ಊರಿಗೆ ಗೊತ್ತಿಲ್ಲದ್ದೇ ಅಲ್ಲವಾ ಹೆದರಿಕೆ? ಹೆಣ್ಣುಮಕ್ಕಳ ಕಾಲೇಜಿನ ಹಿಂದಿ ಮೇಷ್ಟ್ರು, ರಜೆಯಲ್ಲಿ ವ್ಯಾನಿನಲ್ಲಿ ಪುಸ್ತಕ ತುಂಬಿಕೊಂಡು ಬಡ ಮಕ್ಕಳಿಗೆ ಪಾಠ. ಅಂಥವರಿಗೆ ಎದ್ದು ನಿಂತು ನಮಸ್ಕಾರ ಮಾಡುವವರು ನಾವು.

@ಸೈಡ್‌ವಿಂಗ್, ನಿಮ್ಮ ಮನೆಯವರಿಗೆ ನನ್ನ ಕಡೆಯಿಂದ ಒಂದು ಚಾ.

ಹಳೇ ರೈಟರ್

ನಾನು ಪೊಲೀಸ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದವನು, ಅದರಲ್ಲಿ ಹನ್ನೆರಡು ವರ್ಷ ಸ್ಟೇಷನ್ ರೈಟರ್. ಯಾವ ಠಾಣೆ ಅಂತ ಹೇಳಲ್ಲ. ಮೋಹನನ ಕೇಸಿಗೂ ನನಗೂ ಸಂಬಂಧ ಇರಲಿಲ್ಲ. ಆದರೆ ಮೇಡಂ ಅವರು "ಆತ್ಮಹತ್ಯೆ ಅಂತ ಬರೆದು ಫೈಲು ಮುಚ್ಚಿದ್ದು" ಅಂದ್ರಲ್ಲ, ಅಂಥ ಫೈಲು ಬರೆದ ಕೈ ಇದು, ಅದಕ್ಕೇ ಹೇಳ್ತಿದ್ದೀನಿ.

ಬಸ್‌ಸ್ಟ್ಯಾಂಡಲ್ಲಿ ಹೆಣ ಸಿಕ್ಕರೆ ಯುಡಿಆರ್ ಹಾಕ್ತೀವಿ, ಅಸಹಜ ಸಾವಿನ ವರದಿ. ಆಗ ದಂಡ ಪ್ರಕ್ರಿಯಾ ಸಂಹಿತೆ, ಅಂದ್ರೆ ಸಿಆರ್‌ಪಿಸಿ 174. ಪಂಚರನ್ನ ಕರೆಸಿ ಮಹಜರು, ಶವಪರೀಕ್ಷೆ, ಒಳಾಂಗ ತೆಗೆದು ವಿಧಿವಿಜ್ಞಾನ ಲ್ಯಾಬಿಗೆ, ಅಂದ್ರೆ ಎಫ್‌ಎಸ್‌ಎಲ್‌ಗೆ. ಪೇಪರಲ್ಲಿ ಚಹರೆ ಪ್ರಕಟಣೆ. ವಾರಸುದಾರರು ಯಾರೂ ಬರದೇ ಇದ್ದರೆ ಕೆಲವು ದಿನ ಕಾದು ಪುರಸಭೆಯವರಿಂದ ಮಣ್ಣು ಮಾಡಿಸೋದು. ಲ್ಯಾಬ್ ವರದಿ ಬರೋಷ್ಟರಲ್ಲಿ ಎಸ್ಸೈ ವರ್ಗ ಆಗಿರ್ತಾರೆ, ಹೊಸಬರಿಗೆ ಆ ಫೈಲು ಯಾವುದು ಅಂತಲೂ ಗೊತ್ತಿರಲ್ಲ. ಹೆಣ ಸಿಕ್ಕಿದ ಠಾಣೆ ಒಂದು, ಹುಡುಗಿ ಕಾಣೆಯಾದ ಠಾಣೆ ಇನ್ನೊಂದು, ನಡುವೆ ಘಟ್ಟ. ಮಡಿಕೇರಿಯಲ್ಲೊಂದು, ಹಾಸನದಲ್ಲೊಂದು, ಮೈಸೂರು ಬಸ್‌ಸ್ಟ್ಯಾಂಡಲ್ಲೇ ಒಂದಕ್ಕಿಂತ ಹೆಚ್ಚು. ಇವುಗಳನ್ನ ಜೋಡಿಸಿ ನೋಡೋ ಕೆಲಸ ಯಾರದ್ದು ಅಂತ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಒಬ್ಬಳ ಫೋನ್ ಕರೆಗಳ ಜಾಡು ಹಿಡಿದು ಹೋದಾಗ ಕಾಣೆಯಾದ ಇನ್ನೊಬ್ಬಳು ಸಿಕ್ಕಿದ್ದು, ಅಲ್ಲಿಂದ ಮತ್ತೊಬ್ಬಳು. ಸರಣಿಯಲ್ಲಿ ಆ ಭಾಗ ಚೆನ್ನಾಗಿ ಮಾಡಿದ್ದಾರೆ.

ಈಗ ನಿಮ್ಮ ವಿಷಯಕ್ಕೆ. ನಮ್ಮ ಹೇಳಿಕೆಗಳು ಹೇಗೆ ಶುರುವಾಗ್ತವೆ ಗೊತ್ತಾ? ಹೆಸರು, ತಂದೆ ಹೆಸರು, ಪ್ರಾಯ, ಜಾತಿ, ಕಸುಬು, ವಾಸ. ಕೂಗಿ ಕೇಳ್ತಿದ್ವಿ, "ಯಾವ ಜನ ನಿಮ್ಮದು?" ಅಂತ. ಜಾತಿ ಕೇಳದೆ ಒಂದು ಹೇಳಿಕೆ ಬರೆದ ನೆನಪಿಲ್ಲ ನನಗೆ. ಆ ಕಾಲಂ ಖಾಲಿ ಬಿಡ್ತಾ ಇದ್ದದ್ದು ಗುರುತು ಸಿಗದ ಹೆಣಗಳಿಗೆ ಮಾತ್ರ. "ತಿಳಿದುಬಂದಿಲ್ಲ."

ಒಂದು ಸಲ ಬೆಳಗಿನ ಜಾವ ಕರೆ ಬಂತು, ಶೌಚಾಲಯದ ಬಾಗಿಲು ಒಡೆದಿದ್ದೀವಿ ಅಂತ. ಹೋದೆ. ಮೂವತ್ತರ ಹೆಂಗಸು ಇರಬೇಕು. ಹಸಿರು ಬಳೆ, ಎಣ್ಣೆ ಹಚ್ಚಿ ಬಾಚಿದ ತಲೆ, ಹೊಸ ಸೀರೆ, ಸೀರೆ ಅಂಚಿಗೆ ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ. ಚಪ್ಪಲಿ ಉಂಗುಷ್ಟ ಕಿತ್ತು ಹೋಗಿ ಅದಕ್ಕೊಂದು ಪಿನ್ನು ಚುಚ್ಚಿತ್ತು. ನಾನು ಬರೆದೆ: ಹಸಿರು ಗಾಜಿನ ಬಳೆ ನಾಲ್ಕು, ಹಳೆಯ ರಬ್ಬರ್ ಚಪ್ಪಲಿ ಒಂದು ಜೊತೆ. ಪಿನ್ನಿನ ವಿಷಯ ಬರೀಲಿಲ್ಲ. ಚೀಟಿ ವಿಷಯವೂ ಬರೀಲಿಲ್ಲ. ಸಾಯೋಕೆ ಹೊರಟವಳು ಹೊಸ ಸೀರೆ ತಗೊಂಡು ಉಟ್ಟು ಬರ್ತಾಳಾ ಅಂತ ಆಗ ನನಗೆ ಹೊಳೀಲಿಲ್ಲ. ಅಥವಾ ಹೊಳೆದಿತ್ತು, ನಾಲ್ಕು ಗಂಟೆ ನಿದ್ದೆಗೆಟ್ಟಿದ್ದೆ. ಅದು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ.

ಕಾಣೆ ದೂರು ಕೊಡೋಕೆ ಬಂದ ಅಪ್ಪಂದಿರಿಗೆ ನಾವೇ ಹೇಳಿ ಕಳಿಸಿದ್ದೀವಿ, "ಯಾರ ಜೊತೆಗೋ ಹೋಗಿರ್ತಾಳೆ, ಸಂಸಾರ ಮಾಡ್ಕೊಂಡು ಬರ್ತಾಳೆ ಬಿಡಿ" ಅಂತ. ಅಂಗಿ ಇಸ್ತ್ರಿ ಇದ್ದೋರಿಗೆ ಕುರ್ಚಿ ಹಾಕಿ ಬರ್ಕೊಂಡಿದ್ದೀವಿ. ಸೋನಾಕ್ಷಿ ಜಾಗದಲ್ಲಿ ನಮ್ಮ ಠಾಣೆಯಲ್ಲೂ ಒಬ್ಬ ಎಸ್‌ಸಿ ಎಸ್ಸೈ ಇದ್ದರು, ಒಳ್ಳೇ ಮನುಷ್ಯ. ಅವರ ಟೀ ಲೋಟ ಬೇರೆ ಇರ್ತಿತ್ತು, ಸಾಹೇಬ್ರ ಲೋಟ ಅಂತ ಮರ್ಯಾದೆ ಹೆಸರಲ್ಲಿ. ಊದುಬತ್ತಿ ನಾವು ಹಚ್ಚುತ್ತಿರಲಿಲ್ಲ.

ಕುಡ್ಲದ ಕೊಡೆ

ರೈಟರ್ ಸರ್, ನಿಮ್ಮ ಪಿನ್ನಿನ ಮಾತು ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ.

ನೇತ್ರಾವತಿ ಅಕ್ಕ, ನಿಮ್ಮದಕ್ಕೆ ನನ್ನದೊಂದು ಜಗಳ ಉಂಟು. ಕತೆ ರಾಜಸ್ಥಾನಕ್ಕೆ ಹೋದರೂ ನಮ್ಮ ಊರಿನ ಒಂದು ಮುಖ್ಯ ಸಂಗತಿಯನ್ನು ಅವರು ಬಿಡಲಿಲ್ಲ, ಅದನ್ನು ನೀವು ಹೇಳಲಿಲ್ಲ. 2009ರಲ್ಲಿ ಬಂಟ್ವಾಳ ತಾಲೂಕಿನ ಒಬ್ಬ ಹುಡುಗಿ ಕಾಣೆಯಾದಾಗ ಎಂತ ಆಯ್ತು? ಮುಸ್ಲಿಂ ಹುಡುಗನ ಜೊತೆ ಓಡಿಹೋದಳು ಅಂತ ಗುಲ್ಲು. ಠಾಣೆ ಮುಂದೆ ಜನ ಸೇರಿದರು, ಗಲಾಟೆ ಆಯ್ತು, ಆಮೇಲೆ ತನಿಖೆಗೆ ಕಾಲು ಬಂತು. ಅದಕ್ಕಿಂತ ಮೊದಲು ಅಷ್ಟು ಮಂದಿ ಹೋಗಿದ್ದರಲ್ಲ, ಅವರಿಗೆ ಯಾರು ಗಲಾಟೆ ಮಾಡಿದರು? ಸರಣಿಯಲ್ಲಿ ಇದೇ ಬಂದಿದೆ. ಠಾಕೂರರ ಹುಡುಗಿ ಮುಸ್ಲಿಂ ಹುಡುಗನ ಜೊತೆ ಹೋದಳು ಅಂತ ಇಡೀ ಊರು ಎದ್ದು ನಿಲ್ಲುತ್ತದೆ. ಕೃಷ್ಣಾ ಎಂಬ ಕೆಳಜಾತಿ ಹುಡುಗಿಯ ಅಣ್ಣ ಠಾಣೆಗೆ ಅಲೆದು ಅಲೆದು, ಕೊನೆಗೆ ತನ್ನ ತಂಗಿಯೂ ಹಾಗೇ ಹೋದಳು ಅಂತ ಸುಳ್ಳು ಹೇಳಿದ ಮೇಲೆ ಅವಳ ಫೈಲು ತೆರೆಯುವುದು. ಕೊಲೆಯಾದದ್ದು ಸಾಲದು, ಬೇರೆಯವರ ಸಿಟ್ಟಿಗೆ ಉಪಯೋಗಕ್ಕೆ ಬಂದರೆ ಮಾತ್ರ ಲೆಕ್ಕ. ನನ್ನ ಮಟ್ಟಿಗೆ ಇಡೀ ಎಂಟು ಕಂತಿನಲ್ಲಿ ಅತಿ ನಿಜವಾದ ಭಾಗ ಅದು. ಅಂಜಲಿಯ ಬುಲೆಟ್ ಸೌಂಡ್ ಎಲ್ಲ ಆಮೇಲೆ.

ಮತ್ತೆ ಹೆಸರಿನ ವಿಷಯ. ನಮ್ಮಲ್ಲಿ ಸರ್‌ನೇಮ್ ಕೇಳಿ ಜಾತಿ ಹೇಳುವುದು ಹೊರಗಿನವರು ತಿಳಿದಷ್ಟು ಸುಲಭ ಅಲ್ಲ ಮಾರಾಯ್ರೆ. ಬಂಗೇರ, ಸಾಲ್ಯಾನ್ ಅಂದರೆ ಬಿಲ್ಲವರೂ ಆಗಬಹುದು, ಮೊಗವೀರರೂ ಆಗಬಹುದು. ಅದಕ್ಕೇ ನಮ್ಮವರು ಎರಡನೇ ಪ್ರಶ್ನೆ ಕೇಳುವುದು, ಮನೆ ಎಲ್ಲಿ, ಯಾರ ಮನೆಯ ಹತ್ತಿರ, ದೈವ ಯಾವುದು ಅಂತ. ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ಗೊತ್ತಾಗಿರುತ್ತದೆ. ಆ ಮಾಸ್ಟ್ರಿಗೆ ಈ ಮೂರೂ ಪ್ರಶ್ನೆಗೆ ಉತ್ತರ ಬಾಯಿಪಾಠ ಇದ್ದಿರಬೇಕು.

ಕೊನೆಗೆ ಅಂಜಲಿ ಅರ್ಜಿ ಕೊಟ್ಟು ಮತ್ತೆ ಮೇಘವಾಲ್ ಆಗುತ್ತಾಳಲ್ಲ, ಅದು ನನಗೆ ಸ್ವಲ್ಪ ಸಿನಿಮಾ ಅನಿಸಿತು. ಅಪ್ಪ ಬದಲಾಯಿಸಿದ್ದು ಭಯದಿಂದ ಅಂತ ಸರಣಿ ಬೇಗ ತೀರ್ಮಾನ ಮಾಡಿತು. ಆ ಅಪ್ಪ ಮಗಳನ್ನು ಓದಿಸಿ ಪೊಲೀಸ್ ಮಾಡಿದ್ದು ಆ ಹೆಸರಿಟ್ಟುಕೊಂಡೇ.

ನೇತ್ರಾವತಿ ಬದಿ

ಕೊಡೆಯವರೇ, ಕೃಷ್ಣಾಳ ಅಣ್ಣನ ಸುಳ್ಳನ್ನು ನಾನು ಬಿಟ್ಟದ್ದು ತಪ್ಪೇ. ಒಪ್ಪಿದೆ. ರೈಟರ್ ಸರ್, ನಿಮಗೆ ಎಂತ ಹೇಳುವುದು ಅಂತ ಗೊತ್ತಾಗಲಿಲ್ಲ. ಆ ಪಿನ್ನನ್ನು ನೀವು ಇವತ್ತಿಗೆ ಬರೆದಿರಿ.

ಅಪ್ಪನ ವಿಷಯ ಬಂತು ಅಂತ ನನ್ನದನ್ನೂ ಹೇಳಿಬಿಡುತ್ತೇನೆ. ನಾವು ಆದಿ ದ್ರಾವಿಡರು. ಅಪ್ಪ ಗೇರುಬೀಜದ ಫ್ಯಾಕ್ಟರಿಯಲ್ಲಿ ಮೂಟೆ ಹೊತ್ತವರು. ಶಾಲೆಗೆ ಸೇರಿಸುವಾಗ ನನಗೆ ಕೊಟ್ಟದ್ದು ಹೆಸರು ಮತ್ತು ಒಂದು ಇನಿಶಿಯಲ್, ಅಷ್ಟೇ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ದಿನ ಕಂಪ್ಯೂಟರ್ ಫಾರ್ಮು ಲಾಸ್ಟ್ ನೇಮ್ ಇಲ್ಲದೆ ಮುಂದೆ ಹೋಗುವುದೇ ಇಲ್ಲ ಅಂದಿತು. ಹಿಂದೆ ಕ್ಯೂ ಇತ್ತು. "ಬಂಟ್ವಾಳ್" ಅಂತ ಟೈಪ್ ಮಾಡಿದೆ. ಅಷ್ಟರಿಂದ ನಾನು ಬೇರೆ ಮನುಷ್ಯಳಾದೆ. ಆಫೀಸಿನಲ್ಲಿ ಒಬ್ಬರು ಕೊಂಕಣಿಯಲ್ಲಿ ಮಾತಾಡಿಸಿದರು. ಈಗಿರುವ ಮನೆಯ ಓನರ್ ಆಂಟಿ ಹೆಸರು ಕೇಳಿ, ನಾನು ಮೀನು ತಿನ್ನುವುದಿಲ್ಲ ಅಂತ ತಾವೇ ತೀರ್ಮಾನ ಮಾಡಿ, ಗಂಡನ ಕಡೆ ತಿರುಗಿ ಹೇಳಿದರು: "ನಮ್ಮವರೇ ರೀ." ನಾನು ತಿದ್ದಲಿಲ್ಲ. ಅದಕ್ಕೆ ಮೊದಲು ಎರಡು ತಿಂಗಳು ಹನ್ನೊಂದು ಮನೆ ನೋಡಿದ್ದೆ, ಎಲ್ಲ ಕಡೆ ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ. ನಾಲ್ಕು ವರ್ಷವಾಯಿತು. ಮೀನು ತಿನ್ನಬೇಕು ಅನಿಸಿದರೆ ಹೋಟೆಲಿಗೆ ಹೋಗುತ್ತೇನೆ, ಬರುವಾಗ ಬಾಯಿಗೆ ಸೋಂಪು.

ಹಾಗಾಗಿ ಅಂಜಲಿಯ ಕೊನೆಯ ಅರ್ಜಿ ಸಿನಿಮಾದ ಹಾಗೆ ಉಂಟು ಅಂದದ್ದು ನನಗೂ ಸರಿ ಅನಿಸಿತು, ಆದರೆ ಬೇರೆ ಕಾರಣಕ್ಕೆ. ಅವಳಿಗೆ ಸಮವಸ್ತ್ರ ಉಂಟು, ಕ್ವಾರ್ಟರ್ಸ್ ಸಿಗುತ್ತದೆ. ಬಾಡಿಗೆಗೆ ಮನೆ ಹುಡುಕುವ ದೃಶ್ಯವೊಂದನ್ನು ಹಾಕಿದ್ದರೆ ಆ ಅರ್ಜಿಯ ತೂಕ ಗೊತ್ತಾಗುತ್ತಿತ್ತು. ಮತ್ತೆ ಒಂದು ಮಾತು ಬರೆಯಲಿಕ್ಕೆ ಹಿಂಜರಿಕೆ: ನಾನು ಆಂಟಿಯ ಮುಂದೆ ಬಾಯಿ ಮುಚ್ಚಿ ನಿಂತದ್ದೂ, ಅವನು ಆ ಹೆಂಗಸರ ಮುಂದೆ ಬಾಯಿ ತೆರೆದದ್ದೂ ಒಂದೇ ಮಾತಿನ ಮೇಲೆ. ನನಗೆ ಅದರಿಂದ ಮನೆ ಸಿಕ್ಕಿತು.

ಸರಣಿ ಮುಗಿದ ಮರುದಿನ, ಗುರುವಾರ, ಆಂಟಿ ನಮ್ಮಿಬ್ಬರನ್ನೂ ಕೆಳಗೆ ಕಾಫಿಗೆ ಕರೆದರು. ತಂಗಿಗೆ ಇಪ್ಪತ್ತೆರಡು ವರ್ಷ, ಅವಳಿಗೆ ನನ್ನ ಪುಕ್ಕಲುತನ ಇಲ್ಲ. ಆಂಟಿ "ನಿಮ್ಮದು ಯಾವ ಮಠ ಆಗ್ತದಮ್ಮ?" ಅಂತ ಕೇಳಿದರು. ತಂಗಿ ಲೋಟ ಊದುತ್ತಾ ಹೇಳಿಬಿಟ್ಟಳು, "ನಮಗೆ ಮಠ ಎಲ್ಲ ಇಲ್ಲ ಆಂಟಿ, ನಾವು ಎಸ್‌ಸಿ." ಫ್ಯಾನು ತಿರುಗುವ ಸದ್ದು ಮಾತ್ರ. ಆಮೇಲೆ ಆಂಟಿ ಅಂದರು, "ಕಾಫಿ ಆರ್ತದೆ, ಕುಡಿಯಿರಿ." ಸ್ವರದಲ್ಲಿ ಏನೂ ಬದಲು ಇರಲಿಲ್ಲ. ಅಥವಾ ನನಗೆ ಕೇಳಿಸಲಿಲ್ಲ.

ಪ್ರತಿ ಶನಿವಾರ ಪೂಜೆ ಮುಗಿಸಿ ಒಂದು ಬಟ್ಟಲು ಕೋಸಂಬರಿ ಮೇಲೆ ಕಳಿಸುತ್ತಿದ್ದರು. ಇವತ್ತು ಶನಿವಾರ. ಹನ್ನೊಂದು ಗಂಟೆಯಾಯಿತು, ಬರಲಿಲ್ಲ. ಮಗಳ ಮನೆಗೆ ಹೋಗಿರಬಹುದು ಅಂದುಕೊಂಡೆ, ಆದರೆ ಕೆಳಗಿಂದ ಊದುಬತ್ತಿಯ ವಾಸನೆ ಬರುತ್ತಾ ಉಂಟು. ದಿನಾ ಬರುವುದೇ. ತಂಗಿ ರಾತ್ರಿ ಬಸ್ಸಿಗೆ ಬ್ಯಾಗು ತುಂಬಿಸುತ್ತಿದ್ದಾಳೆ, ನೀರಿನ ಬಾಟಲಿ ದೊಡ್ಡದೇ ಇಟ್ಟುಕೊಂಡಿದ್ದಾಳೆ.